ಬೆಳ್ಳಿ ಬಟ್ಟಲಿನ ಬೆಕ್ಕು

“ಗುರುಗಳೇ, ಬೆಕ್ಕಿಗೆ ಎಲ್ಲಕ್ಕಿಂತ ಒಳ್ಳೆಯ ಊಟ ಯಾವುದು?”

ಚನ್ನಮಲ್ಲ ಹೀಗೆ ಕೇಳಿದಾಗ ಪಾಠಕ್ಕೆ ಕೂತಿದ್ದ ಉಳಿದ ಶಿಷ್ಯರು ನಕ್ಕರು. ಹಿಂದಿನ ದಿನ ಒಬ್ಬ ಮಾಯೆಯ ಬಗ್ಗೆ ಕೇಳಿದ್ದ, ಇನ್ನೊಬ್ಬ ಮುಕ್ತಿಯ ಬಗ್ಗೆ ಕೇಳಿದ್ದ. ಗುರುಗಳು ನಗಲಿಲ್ಲ.

ಚನ್ನಮಲ್ಲ ಮಠದ ಉಗ್ರಾಣ ನೋಡಿಕೊಳ್ಳುವವನು. ಉಗ್ರಾಣದ ಬೆಕ್ಕು ಒಂದು ದಿನ ಸತ್ತ ಇಲಿಯನ್ನು ಕಚ್ಚಿ ತಂದು ಪೂಜೆಯ ಅಂಗಳದಲ್ಲಿ ಇಟ್ಟಿತ್ತು. ಅಂದಿನಿಂದ ಅವನು ಅದನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದ. ಮಠದಲ್ಲಿರುವ ಜೀವ ಮಠದ ಹಾಗೆಯೇ ಬದುಕಲಿ ಎಂದು ಹಾಲು, ತುಪ್ಪದನ್ನ, ಹಬ್ಬದ ದಿನ ಪಾಯಸ ಕೊಟ್ಟು ಸಾಕುತ್ತಿದ್ದ. ಬೆಕ್ಕು ಬಡವಾಗುತ್ತ ಬಂತು. ಉಗ್ರಾಣದಲ್ಲಿ ಇಲಿಗಳು ದಾಸೋಹಕ್ಕೆ ಬಂದವರ ಹಾಗೆ ಹಗಲಲ್ಲೇ ಓಡಾಡತೊಡಗಿದವು. ಏನು ಕೊಟ್ಟರೂ ಮೈಗೆ ಹತ್ತುತ್ತಿಲ್ಲ, ಇದಕ್ಕಿಂತ ಒಳ್ಳೆಯದು ಏನಿದೆ ಹೇಳಿ, ತಂದು ಕೊಡುತ್ತೇನೆ ಎಂದು ಚನ್ನಮಲ್ಲ ಬೇಡಿಕೊಂಡ. ಅವನ ಸಂಕಟ ನಿಜವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರದ ಹೆಂಗಸಿದ್ದಳು. ಮೊದಲು ಮೀನು ಮಾರುತ್ತಿದ್ದವಳು. ನಿನ್ನಿಂದ ಆಗುವುದಿಲ್ಲ ಎಂದು ತನಗೆ ಹೇಳಿದವರು ಯಾರ್ಯಾರು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಗಂಡ ಕಡಲಿಗೆ ಹೋಗಿ ಮರಳದಿದ್ದ ವರ್ಷ ಭಾವ ಹೇಳಿದ್ದ, ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸಿದ ದಿನವೇ ನಿನ್ನ ಒಲೆ ಆರುತ್ತದೆ ಎಂದು. ಶಾಲೆಯ ಮೇಷ್ಟ್ರು ಹೇಳಿದ್ದರು, ಈ ವಯಸ್ಸಿಗೆ ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು. ಪೇಟೆ ಬೀದಿಯ ಬಟ್ಟೆ ಸಾಹುಕಾರ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದ. ಬಿಸಿಲಿಗೆ ಸೋತು ಅವನ ಅಂಗಡಿಯ ಮೆಟ್ಟಿಲ ಮೇಲೆ ಅವಳು ಒಣಮೀನಿನ ಬುಟ್ಟಿ ಇಳಿಸಿದಾಗ, ಅವಳನ್ನು ಎಬ್ಬಿಸಿ, ಮೆಟ್ಟಿಲಿಗೆ ನೀರು ಹೊಯ್ಯಿಸಿ, ನೀನು ಎದ್ದು ಹೋದರೂ ನಿನ್ನ ವಾಸನೆ ಎದ್ದು ಹೋಗುವುದಿಲ್ಲ ಎಂದಿದ್ದ.

ಅವಳು ಯಾರಿಗೂ ಬಾಯಿಂದ ಉತ್ತರ ಕೊಡಲಿಲ್ಲ.

ಒಣಮೀನು ಕಟ್ಟಿಕೊಡುವ ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದು ಕಲಿತಳು. ಎಷ್ಟೋ ಸುದ್ದಿಗಳ ಕೊನೆ ಅವಳಿಗೆ ತಿಳಿಯಲೇ ಇಲ್ಲ. ಉಳಿದ ಅರ್ಧ ಹಾಳೆ ಗಿರಾಕಿಯ ಮನೆ ಸೇರಿರುತ್ತಿತ್ತು. ಓದು ಬಂದ ಮೇಲೆ ಲೆಕ್ಕ ಬಂತು. ಲೆಕ್ಕ ಬಂದ ಮೇಲೆ ಬುಟ್ಟಿಯನ್ನು ಅಂಟುವಾಳದಲ್ಲಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಅದರಲ್ಲೇ ರವಿಕೆ ಕಣ ಹೊತ್ತು ಮಾರಿದಳು. ಮೊದಲು ಕೊಂಡವರು ಮೀನು ಮಾರುವ ಹೆಂಗಸರೇ. ಬುಟ್ಟಿ ಹೋಗಿ ಗೂಡಂಗಡಿಯಾಯಿತು, ಗೂಡಂಗಡಿ ಹೋಗಿ ಅಂಗಡಿಯಾಯಿತು. ಸಾಹುಕಾರ ತೀರಿಕೊಂಡು ಅವನ ಮಕ್ಕಳು ಪಾಲಾದಾಗ, ಅವಳು ಅದೇ ಅಂಗಡಿಯನ್ನೂ ಅದರ ಮೇಲಿನ ಮನೆಯನ್ನೂ ಕೊಂಡಳು. ಮೆಟ್ಟಿಲನ್ನು ಮಾತ್ರ ಬದಲಿಸಲಿಲ್ಲ. ದಿನಾ ಬೆಳಿಗ್ಗೆ ಅದರ ಮೇಲೇ ಕಾಲಿಟ್ಟು ಒಳಗೆ ಹೋಗುತ್ತಿದ್ದಳು.

ಗೃಹಪ್ರವೇಶದ ದಿನ ಅವಳು ಆಳುಕಾಳುಗಳನ್ನು ಕರೆದು, ಈ ಹೊಸಿಲು ದಾಟಿ ಇನ್ನು ಮೀನು ಒಳಗೆ ಬರಕೂಡದು ಎಂದಳು. ತಾನೂ ತಿನ್ನುವುದನ್ನು ಬಿಟ್ಟಳು. ಅವಳ ಬಾಯಿ ಸ್ವಲ್ಪ ಕಾಲ ಬೇಡಿತು, ಆಮೇಲೆ ಸುಮ್ಮನಾಯಿತು. ಪಕ್ಕದ ಮನೆಯವಳು ಚಿನ್ನದ ವ್ಯಾಪಾರಿಯ ಹೆಂಡತಿ. ಆ ಬೀದಿಯಲ್ಲಿ ಯಾರ ಮನೆಗೆ ಹೋಗಬಹುದು, ಯಾರ ಮನೆಗೆ ಹೋಗಬಾರದು ಎಂದು ತೀರ್ಮಾನಿಸುವವಳು ಅವಳೇ. ಅವಳು ಒಂದು ಸಂಜೆ ಬಂದು ಉಯ್ಯಾಲೆಯಲ್ಲಿ ಕೂತು, ನಿಮ್ಮ ಮನೆಗೆ ಬಂದರೆ ಬರೀ ಗಂಧದ ಪರಿಮಳ ಎಂದಳು. ಹೆಂಗಸು ಆ ಮಾತನ್ನು ಒಡವೆಯ ಹಾಗೆ ಎತ್ತಿಟ್ಟುಕೊಂಡಳು.

ದೂರದ ಗಿರಣಿಯಿಂದ ಬಂದ ಬಟ್ಟೆಯ ಮೂಟೆಯೊಂದರಲ್ಲಿ ಒಂದು ಬೆಕ್ಕಿನ ಮರಿ ಸಿಕ್ಕಿತು. ಬಟ್ಟೆ ಅಂಗಡಿಗೆ ಬೆಕ್ಕು ಬೇಕೇ ಬೇಕು. ಇಲಿ ಹಿಡಿಯಲಿ ಎಂದು ಇಟ್ಟುಕೊಂಡ ಮರಿ ಅವಳ ಮಡಿಲು ಹಿಡಿಯಿತು. ಮನುಷ್ಯರಿಗೆ ಸಲಿಗೆ ಕೊಡದವಳು ಅದಕ್ಕೆ ಕೊಟ್ಟಳು. ಗಿರಾಕಿಗೆ ಸೀರೆ ಬಿಡಿಸಿ ತೋರಿಸುವಾಗಲೂ ಅದು ಅವಳ ಭುಜದ ಮೇಲೆ ಇರುತ್ತಿತ್ತು.

ಬೆಕ್ಕು ಬೆಳೆದು ಬೀದಿ ಸುತ್ತಲು ಕಲಿಯಿತು. ಒಂದು ಸಂಜೆ ಚಿನ್ನದ ವ್ಯಾಪಾರಿಯ ಹೆಂಡತಿ ಉಯ್ಯಾಲೆಯಲ್ಲಿ ಕೂತಿದ್ದಾಗ, ಅದು ಮೀನಿನ ತಲೆಯೊಂದನ್ನು ಕಚ್ಚಿ ತಂದು ಹೊಸಿಲ ಮೇಲೆ ಇಟ್ಟಿತು. ನೆರೆಯವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳದೆ ನಕ್ಕಳು, ಬೆಕ್ಕಿಗೆ ಮನೆಯ ಹಳೆಯ ಗುರುತು ಸಿಕ್ಕಿದೆ ಎಂದಳು.

ಮರುದಿನವೇ ಮಾಳಿಗೆಯ ಕಿಟಕಿಗಳಿಗೆಲ್ಲ ಮರದ ಜಾಲರಿ ಬಂತು. ಬೆಕ್ಕು ಮಾಳಿಗೆಯಲ್ಲೇ ಉಳಿಯಿತು.

ಅದನ್ನು ಕೂಡಿಹಾಕಿದ್ದಕ್ಕೆ ಅವಳಿಗೆ ನೋವಿತ್ತು. ಆ ನೋವಿಗೆ ಒಳ್ಳೆಯ ಊಟದಿಂದ ಪರಿಹಾರ ಮಾಡಹೊರಟಳು. ಬೆಳ್ಳಿ ಬಟ್ಟಲು ಮಾಡಿಸಿದಳು. ಕೆನೆಗಟ್ಟಿದ ಹಾಲು ಇಟ್ಟಳು. ವೈದ್ಯರನ್ನು ಕೇಳಿ ಬಾದಾಮಿ ಅರೆದು ಹಾಕಿದಳು, ಪುರೋಹಿತರನ್ನು ಕೇಳಿ ತುಪ್ಪದನ್ನ ಕಲಸಿದಳು. ಕೊನೆಗೆ ನೆರೆಯವಳನ್ನೂ ಕೇಳಿ, ಕರು ಹಾಕಿದ ಮನೆಗಳಿಂದ ಹೇಳಿ ಕಳಿಸಿ ಗಿಣ್ಣು ತರಿಸಿದಳು. ಊರಲ್ಲಿ ಯಾವ ಮಗುವಿಗೂ ಇಷ್ಟು ಉಪಚಾರವಿರಲಿಲ್ಲ. ಬೆಕ್ಕು ಮೂಸುತ್ತಿತ್ತು, ಅವಳ ಮುಖ ನೋಡಿ ಎರಡು ಗುಟುಕು ಕುಡಿಯುತ್ತಿತ್ತು, ಹೋಗಿ ಜಾಲರಿಯ ಹತ್ತಿರ ಮಲಗುತ್ತಿತ್ತು. ನಾನು ಹಸಿದಿದ್ದ ಕಾಲದಲ್ಲಿ ಇದನ್ನು ಕನಸಲ್ಲೂ ಕಂಡವಳಲ್ಲ, ನಿನಗೆ ಸೊಕ್ಕು ಎಂದು ಅವಳು ಬೈಯುತ್ತಿದ್ದಳು. ಬೈದು, ಬಟ್ಟಲನ್ನು ಅದರ ಮೂತಿಯ ಹತ್ತಿರಕ್ಕೆ ಇನ್ನಷ್ಟು ಸರಿಸುತ್ತಿದ್ದಳು.

ತಿಂಗಳುಗಳು ಕಳೆದವು. ಬೆಕ್ಕಿನ ಮೈಯ ಹೊಳಪು ಹೋಯಿತು. ಒಂದು ದಿನ ಅದು ದಿನಾ ಹತ್ತುವ ಪೆಟ್ಟಿಗೆಯ ಮೇಲೆ ಹಾರಲು ಹೋಗಿ, ಅಂಚು ತಪ್ಪಿ, ಕೆಳಗೆ ಬಿತ್ತು. ಎದ್ದು ಪೆಟ್ಟಿಗೆ ಇರುವುದು ಎಲ್ಲಿ ಎಂದು ಹುಡುಕುವ ಹಾಗೆ ತಲೆ ಆಡಿಸಿತು. ಅವಳು ಕೈಯನ್ನು ಅದರ ಕಣ್ಣ ಮುಂದೆ ಆಡಿಸಿದಳು. ತೀರ ಹತ್ತಿರ ತಂದ ಮೇಲಷ್ಟೇ ಅದು ರೆಪ್ಪೆ ಹೊಡೆಯಿತು.

ಆ ಹೊತ್ತಿಗೆ ಹಿತ್ತಲ ಓಣಿಯಲ್ಲಿ ಒಣಮೀನಿನವಳ ಕೂಗು ಕೇಳಿತು. ಪೆಟ್ಟಿಗೆ ಕಾಣದ ಬೆಕ್ಕು ನೇರವಾಗಿ ಕಿಟಕಿಗೆ ಹೋಗಿ ಜಾಲರಿಗೆ ಮೂತಿ ಒತ್ತಿತು. ಹೆಂಗಸು ಕಿಟಕಿಯ ಹತ್ತಿರ ಬಂದಳು. ಕೆಳಗಿದ್ದವಳು ಹಳೆಯ ಒಡನಾಡಿ. ಒಂದು ಕಾಲದಲ್ಲಿ ಇಬ್ಬರೂ ಒಂದೇ ದೋಣಿಯ ಮೀನು ಹಂಚಿಕೊಂಡು ಮಾರಿದವರು.

“ಒಡತೀ ಅನ್ನಲೋ, ಅಕ್ಕಾ ಅನ್ನಲೋ?” ಎಂದಳು ಒಣಮೀನಿನವಳು, ಬುಟ್ಟಿಯ ಕೆಳಗಿಂದ ತಲೆ ಎತ್ತಿ. “ನಿನ್ನ ಬೆಕ್ಕು ಜಾಲರಿ ನೆಕ್ಕುತ್ತಾ ಇದೆ ನೋಡು.”

“ಅದಕ್ಕೆ ಏನೋ ಕಾಯಿಲೆ. ಇಡೀ ಊರನ್ನು ಕೇಳಿದೆ. ಯಾರಿಗೂ ಗೊತ್ತಾಗಲಿಲ್ಲ.”

“ನಿನ್ನನ್ನು ಕೇಳಿಕೊಂಡೆಯಾ? ನೀನು ಬುಟ್ಟಿ ಹೊತ್ತಾಗ ಓಣಿಯ ಬೆಕ್ಕೆಲ್ಲ ನಿನ್ನ ಹಿಂದೆ ಬರುತ್ತಿದ್ದವಲ್ಲ ಅಕ್ಕಾ, ಅವಕ್ಕೆ ಬಾದಾಮಿ ಹಾಕುತ್ತಿದ್ದೆಯಾ?” ಒಣಮೀನಿನವಳು ದನಿ ತಗ್ಗಿಸಿದಳು. “ಒಂದು ಹಗ್ಗ ಇಳಿಬಿಡು. ದಿನಾ ಎರಡು ಮೀನು ಕಟ್ಟಿಕೊಡುತ್ತೇನೆ. ಬೀದಿಯವರಿಗೆ ಗೊತ್ತಾಗುವುದಿಲ್ಲ.”

ಹೆಂಗಸು ಕಿಟಕಿ ಮುಚ್ಚಿದಳು.

ಹಿತ್ತಲಿನಿಂದ ಕದ್ದು ತೆಗೆದುಕೊಳ್ಳುವುದು ಅವಳ ಜಾಯಮಾನವಲ್ಲ. ಮುಂಬಾಗಿಲಿನಿಂದ ತರುವುದಕ್ಕೆ ಧೈರ್ಯವಿಲ್ಲ. ಎರಡರ ನಡುವೆ ಅವಳು ದಿನ ದೂಡಿದಳು. ದೀಪಾವಳಿಯ ವ್ಯಾಪಾರ ಮುಗಿಯಲಿ ಎಂದುಕೊಂಡಳು. ಮುಗಿಯಿತು. ಚಿನ್ನದ ವ್ಯಾಪಾರಿಯ ಮಗಳ ಮದುವೆ ಜವಳಿ ನಮ್ಮಲ್ಲೇ ತೆಗೆಯುತ್ತಾರಂತೆ, ಅದೊಂದು ಆಗಲಿ ಎಂದುಕೊಂಡಳು. ಜವಳಿ ತೆಗೆಯಲು ಅವರು ಬರುವ ಬೆಳಿಗ್ಗೆ ಬೆಕ್ಕು ಮಾಳಿಗೆಯ ಮೆಟ್ಟಿಲು ಕಾಣದೆ ಮೇಲಿಂದ ಕೆಳಗಿನವರೆಗೆ ಉರುಳಿತು. ಅವಳು ಓಡಿ ಬಂದು ಎತ್ತಿಕೊಂಡಳು. ಬಟ್ಟೆಯ ತೂಕವನ್ನು ಕೈಯಲ್ಲೇ ಹೇಳಬಲ್ಲವಳು ಅವಳು. ಬೆಕ್ಕು ಮಡಿಸಿದ ಒಂದು ರವಿಕೆ ಕಣದಷ್ಟೇ ಇತ್ತು.

ಅವಳು ಅದನ್ನು ಹತ್ತಿಯ ಮೂಟೆಯ ಮೇಲೆ ಮಲಗಿಸಿದಳು. ಅಟ್ಟದಿಂದ ಹಳೆಯ ಬುಟ್ಟಿ ಇಳಿಸಿದಳು. ಅದನ್ನು ಅವಳು ಎಸೆದಿರಲಿಲ್ಲ. ಮೀನು ಪೇಟೆಗೆ ತಾನೇ ನಡೆದು ಹೋಗಿ, ಆ ಬೆಳಗಿನ ಬೂತಾಯಿ ಮೀನು ಆರಿಸಿಕೊಂಡು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಪೇಟೆ ಬೀದಿಯ ನಡುವಿನಲ್ಲಿ ನಡೆದು ಬಂದಳು. ಉಟ್ಟದ್ದು ರೇಷ್ಮೆ ಸೀರೆ. ಮದುವೆ ಗಿರಾಕಿಗಳು ಬರುತ್ತಾರೆಂದು ಉಟ್ಟದ್ದು. ಬುಟ್ಟಿಯಿಂದ ನೀರು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳ ಕುತ್ತಿಗೆ ನೇರವಾಗಿತ್ತು. ಬುಟ್ಟಿ ಹೊತ್ತ ಕುತ್ತಿಗೆಗೆ ಬಗ್ಗಲು ಬರುವುದಿಲ್ಲ.

ಅಂಗಡಿಯ ಮುಂದೆ ಚಿನ್ನದ ವ್ಯಾಪಾರಿಯ ಹೆಂಡತಿ ತನ್ನ ಬೀಗರ ಜತೆ ನಿಂತಿದ್ದಳು. ಅವಳು ಬುಟ್ಟಿ ನೋಡಿದಳು, ಬೀಗರ ಮುಖ ನೋಡಿದಳು. ಅವಳಿಗೂ ಇಕ್ಕಟ್ಟಾಗಿರಬೇಕು. ಇವಳು ತಪ್ಪಿಸಿಕೊಳ್ಳಲಿ ಎಂದು ತಾನೇ ಒಂದು ದಾರಿ ತೋರಿಸಿದಳು.

“ಬೆಕ್ಕಿಗೇ ಅಲ್ಲವೇನ್ರೀ ಅದು?”

ಹೌದು ಎಂದರೆ ಸಾಕಿತ್ತು. ಪಾಪ, ಬೆಕ್ಕಿನ ಮೇಲಿನ ಪ್ರೀತಿ ಎಂದು ಎಲ್ಲರೂ ಒಳಗೆ ಬಂದು ಜವಳಿ ನೋಡುತ್ತಿದ್ದರು.

“ಬೆಕ್ಕಿಗೆ,” ಎಂದಳು ಹೆಂಗಸು. “ಮಿಕ್ಕಿದ್ದು ನನಗೆ.”

ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಳು. ಹಿಂದೆ ಇಳಿಸಿದ್ದ ಅದೇ ಜಾಗದಲ್ಲಿ. ಅಲ್ಲಿಂದ ಒಳಗೆ ಹೋಗಿ, ಮೀನನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ, ಬಾಳೆ ಎಲೆಯ ತುಂಡಿನಲ್ಲಿ ಇಟ್ಟಳು. ಇಷ್ಟು ವರ್ಷ ಮುಟ್ಟದಿದ್ದರೂ ಬೆರಳುಗಳು ಒಂದು ಮುಳ್ಳನ್ನೂ ಬಿಡಲಿಲ್ಲ. ಬೆಕ್ಕು ಮಲಗಿದ್ದಲ್ಲಿಂದಲೇ ಮೂಗು ಎತ್ತಿತು. ಅದು ತಿನ್ನುವ ಸದ್ದನ್ನು ಅವಳು ಗೋಡೆಗೆ ಒರಗಿ ಕೂತು ಕೇಳಿದಳು.

ಮದುವೆಯ ಜವಳಿ ಬೇರೆ ಅಂಗಡಿಗೆ ಹೋಯಿತು. ಉಯ್ಯಾಲೆಗೆ ನೆರೆಯವಳು ಮತ್ತೆ ಬರಲಿಲ್ಲ. ಬೆಕ್ಕಿನ ಮೈ ತುಂಬಿತು, ಕೂದಲಿಗೆ ಹೊಳಪು ಬಂತು. ಹೋದ ದೃಷ್ಟಿ ಮಾತ್ರ ಬರಲಿಲ್ಲ. ಕಿಟಕಿ ಮುಚ್ಚಿದ ದಿನಕ್ಕೂ ಬುಟ್ಟಿ ಇಳಿಸಿದ ದಿನಕ್ಕೂ ನಡುವೆ ಅದರ ಕಣ್ಣಲ್ಲಿ ಉಳಿದಿದ್ದ ಬೆಳಕೂ ಆರಿತ್ತು.

ಈಗ ಅವಳಿಗೆ ಪೇಟೆ ಬೀದಿಯಲ್ಲಿ ಮನೆಯಿದೆ, ಅಂಗಡಿಯಿದೆ. ಹಿತ್ತಲಲ್ಲಿ ಮೀನು ತೊಳೆಯುವ ಕಲ್ಲಿದೆ. ಬೆಳ್ಳಿ ಬಟ್ಟಲಿನಲ್ಲಿ ರವಿಕೆಯ ಗುಂಡಿಗಳನ್ನು ಹಾಕಿಟ್ಟಿದ್ದಾಳೆ. ಗೋಡೆಗೆ ಮೀಸೆ ತಾಗಿಸಿಕೊಂಡು ನಡೆಯುವ ಒಂದು ಬೆಕ್ಕಿದೆ. ಇದೆಲ್ಲ ನಿನಗೆ ಎಷ್ಟಕ್ಕೆ ಬಿತ್ತು ಎಂದು ಯಾರಾದರೂ ಕೇಳಿದರೆ, ಅವಳು ಬೆಕ್ಕಿನ ಮುಖವನ್ನು ಕೇಳಿದವರ ಕಡೆ ತಿರುಗಿಸುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ನಕ್ಕಿದ್ದ ಶಿಷ್ಯರು ಈಗ ನಗುತ್ತಿರಲಿಲ್ಲ. ಚನ್ನಮಲ್ಲನಿಗೆ ಕತೆ ಹಿಡಿಸಿತ್ತು, ಆದರೆ ತನಗೆ ತಾಗುತ್ತದೆ ಎನಿಸಿರಲಿಲ್ಲ.

“ಅವಳು ಮೀನು ತಿನ್ನುವ ಊರಿನವಳು, ಗುರುಗಳೇ,” ಎಂದ. “ಇದು ಮಠ. ಇಲ್ಲಿ ನಮಗೆ ಕೊಲ್ಲದ ವ್ರತವಿದೆ.”

“ವ್ರತ ನಿನ್ನದು, ಚನ್ನಮಲ್ಲ,” ಎಂದರು ಗುರುಗಳು. “ಉಪವಾಸ ಯಾರದು?”