ಸೊಸೆ ಕಲಿತ ಕರುಣೆ

ದೊರೆ ಜಯಭೂಪನಿಗೆ ತನ್ನ ಮೇಲೆ ತಾನೇ ಬರೆಸಿಕೊಂಡ ಕಾದಂಬರಿ ಎಂದರೆ ಪ್ರಾಣ. ಆಸ್ಥಾನ ಕವಿ ಅದನ್ನು ಹೊಟ್ಟೆಪಾಡಿಗೆ ಬರೆದಿದ್ದ, ಸಭೆಯವರು ಹೆದರಿಕೆಗೆ ಕೇಳುತ್ತಿದ್ದರು. ಸಾಹಿತ್ಯ ಹೀಗೂ ಬೆಳೆಯುತ್ತದೆ.

ಒಂದು ಸಂಜೆ ಓದು ನಡೆಯುವಾಗ ನಗಾರಿ ಬಾರಿಸುವ ಮುದುಕ ಮರುಳಯ್ಯ ಆಕಳಿಸಿಬಿಟ್ಟ. ಎಲ್ಲರಿಗೂ ಬಂದಿದ್ದ ಆಕಳಿಕೆಯೇ, ಪಾಪ, ಅವನಿಗೆ ತಡೆಯಲಾಗಲಿಲ್ಲ. ಅವನನ್ನು ಮುಂದಿನ ಒಡ್ಡೋಲಗದ ದಿನ ಕತ್ತಲಕೋಣೆಗೆ ತಳ್ಳಿ, ಬದುಕಿರುವ ತನಕ ಅಲ್ಲೇ ಇಡುವುದಾಗಿ ದೊರೆ ಸಾರಿದ.

ಆಸ್ಥಾನದ ಜಾಣ ದೇಪಣ್ಣ ಮುದುಕನ ಪರವಾಗಿ ಎಷ್ಟೋ ಬೇಡಿಕೊಂಡ. ದೊರೆ ಕಿವಿಗೆ ಹಾಕಿಕೊಳ್ಳಲಿಲ್ಲ.

“ಅರ್ಧಂಬರ್ಧ ಕನ್ನಡ ಬರುವವರೂ ಈ ಕಾದಂಬರಿ ಓದಿದರೆ ದೊಡ್ಡ ದೊಡ್ಡ ಪದಗಳನ್ನು ತಾವಾಗಿಯೇ ಕಲಿಯುತ್ತಾರೆ. ಅಂಥದ್ದಕ್ಕೆ ಇವನು ಆಕಳಿಸುತ್ತಾನಾ?”

ದೇಪಣ್ಣ ತಕ್ಷಣ ಆ ಮಾತು ಹಿಡಿದುಕೊಂಡ. ದೊರೆಯ ಹೊಸ ಸೊಸೆ ಹೈಮವತಿ ಪರದೇಶದವಳು. ದಾಸಿಯರ ಜೊತೆ ಆಡುವಷ್ಟು ಕನ್ನಡ ಮಾತ್ರ ಕಲಿತಿದ್ದಳು. ಅವಳಿಗೆ ಈ ಪುಸ್ತಕವನ್ನೇ ಓದಿಸುತ್ತೇನೆ ಎಂದ. ದೊರೆ ಉಬ್ಬಿಹೋದ. ಆದರೆ ದೇಪಣ್ಣ ಯಾವ ಪದಕ್ಕೂ ಅರ್ಥ ಹೇಳಕೂಡದು, ಕತೆಯಲ್ಲಿ ಬಂದ ರೀತಿಯಿಂದಲೇ ಅವಳು ತಿಳಿಯಬೇಕು ಎಂದು ಕಟ್ಟಪ್ಪಣೆ ಮಾಡಿದ. ದೇಪಣ್ಣನಿಗೆ ಬೇಕಾಗಿದ್ದೂ ಅದೇ.

ಒಡ್ಡೋಲಗದ ದಿನ ಮರುಳಯ್ಯನನ್ನು ಸಂಕೋಲೆ ಹಾಕಿ ತಂದು ನಿಲ್ಲಿಸಿದರು. ತನ್ನ ಮದುವೆಗೆ ನಗಾರಿ ಬಾರಿಸಿದ ಮುದುಕನನ್ನು ಆ ಸ್ಥಿತಿಯಲ್ಲಿ ಕಂಡು ಹೈಮವತಿಗೆ ಕರುಳು ಚುರ್ ಎಂದಿತು. ದೊರೆ ಅದನ್ನೆಲ್ಲ ಗಮನಿಸದೆ, ಕಲಿತದ್ದನ್ನು ನಾಲ್ಕು ಜನರೆದುರು ಆಡಿ ತೋರಿಸು ಎಂದ.

“ಮಾವಯ್ಯ, ಕೈಮುಗಿದು ಬೇಡ್ತೀನಿ. ಈ ಮುದುಕನ ಮೇಲೆ ಕರುಣೆ ತೋರಿಸಬೇಡಿ.”

ಸಭೆ ಬೆಚ್ಚಿತು. ಕವಿ ಮಾತ್ರ ಅಭ್ಯಾಸಬಲದಿಂದ ಭೇಷ್ ಎಂದ. ಸೊಸೆಯ ಕಣ್ಣಲ್ಲಿ ನೀರು, ಬಾಯಲ್ಲಿ ಈ ಮಾತು. ದೊರೆಗೆ ತಲೆಬುಡ ತಿಳಿಯಲಿಲ್ಲ.

“ಕರುಣೆ ಅಂದರೆ ಏನು ಅಂದುಕೊಂಡಿದ್ದೀಯಮ್ಮ?”

“ಕತ್ತಲಕೋಣೆಗೆ ಹಾಕೋದು.”

ಹೈಮವತಿ ಪುಸ್ತಕ ನೋಡದೆಯೇ ಒಪ್ಪಿಸಿದಳು. ಹೂ ಬಾಡಿದ್ದಕ್ಕೆ ಪ್ರಭುಗಳು ಮಾಲಿಯನ್ನು ಕರುಣೆಯಿಂದ ಕತ್ತಲಕೋಣೆಗೆ ಕಳಿಸಿದರು. ಸಾರು ಸಪ್ಪೆಯಾದಾಗ ಅಡುಗೆಯವನಿಗೂ ಅದೇ ಕರುಣೆ ದೊರೆಯಿತು. ಕರುಣೆ ಬಂದ ಪುಟದಲ್ಲೆಲ್ಲ ಯಾರಾದರೊಬ್ಬರು ಒಳಗೆ ಹೋಗುತ್ತಿದ್ದರು.

ದೊರೆ ಕಣ್ಣು ಕೆಂಪಗೆ ಮಾಡಿ, ಸರಿಯಾದ ಅರ್ಥ ಈಗಲೇ ಹೇಳಿಕೊಡು ಎಂದು ದೇಪಣ್ಣನನ್ನು ಗದರಿದ.

“ಅರ್ಥ ಹೇಳಕೂಡದೆಂದು ತಮ್ಮದೇ ಅಪ್ಪಣೆ, ಪ್ರಭು. ಉದಾಹರಣೆಯಿಂದಲೇ ತಿಳಿಯಬೇಕು. ಪುಸ್ತಕವನ್ನೆಲ್ಲ ಜಾಲಾಡಿದೆ, ಒಂದೂ ಸಿಗಲಿಲ್ಲ. ತಾವೇ ಒಂದನ್ನು ಮಾಡಿ ತೋರಿಸಬೇಕು.”

ಇಡೀ ಸಭೆ ನೋಡುತ್ತಿತ್ತು. ದೊರೆ ಸಂಕೋಲೆ ಬಿಚ್ಚಿಸಿ, ಮರುಳಯ್ಯನಿಗೆ ಮನೆಗೆ ಹೋಗು ಎಂದ. ಮುದುಕ ಅಳುತ್ತಲೇ ಅಡ್ಡಬಿದ್ದು ಹೊರಟ.

ಹೈಮವತಿಯ ಮುಖ ಅರಳಿತು. “ಓ, ಕರುಣೆ ಅಂದರೆ ಇದಾ?” ಮರುಗಳಿಗೆ ಅವಳಿಗೆ ಅನುಮಾನ ಬಂತು. “ಹಾಗಾದರೆ ಆ ಮಾಲಿಗೆ ಮಾಡಿದ್ದಕ್ಕೆ ಕನ್ನಡದಲ್ಲಿ ಏನಂತಾರೆ?”

ದೇಪಣ್ಣ ಬಾಗಿಲು ಎಷ್ಟು ದೂರವಿದೆ ಎಂದು ಒಮ್ಮೆ ನೋಡಿಕೊಂಡ.

“ಅದಕ್ಕೂ ಪದ ಇದೆ, ತಾಯಿ. ಆದರೆ ಅದನ್ನ ನಾನು ಕಲಿಸಿದರೆ ಪ್ರಭುಗಳು ನನ್ನ ಮೇಲೂ ಕರುಣೆ ತೋರಿಸಿಬಿಡ್ತಾರೆ. ಪುಸ್ತಕದಲ್ಲಿರೋ ಕರುಣೆ.”