ಸೂರಯ್ಯ ಆರಿಸಿದ ಬಿಲ್ಲು

ಹೊಳೆದಂಡೆಯ ಕಾಟಯ್ಯನ ಹತ್ತಿರ ಬಿಲ್ಲುವಿದ್ಯೆ ಕಲಿತವರು ಇವತ್ತಿಗೂ ಒಂದು ಮಾತು ಹೇಳುತ್ತಾರೆ: ಕಪಾಳಕ್ಕೆ ಏಟು ತಿನ್ನದೆ ಯಾರೂ ಅವನ ಗುಡಿಸಲಿಂದ ಬಿಲ್ಲು ಒಯ್ದಿಲ್ಲ. ಮುದುಕನ ಸಿಟ್ಟು ಅಂಥದ್ದು. ಆದರೆ ಆ ದಿನ ಬಂದ ಶಿಷ್ಯನ ಸಿಟ್ಟು ಗುರುವಿನದಕ್ಕಿಂತ ಒಂದು ಕೈ ಮೇಲಿತ್ತು.

ಶಿಷ್ಯನ ಹೆಸರು ಸೂರಯ್ಯ. ಮೂರು ದಿನದ ಹಿಂದೆ ಒಂಟಿ ಕಾಡುಹಂದಿಯೊಂದು ಅವನ ಅಣ್ಣನ ತೊಡೆ ಸೀಳಿತ್ತು. ಅಣ್ಣ ಉಳಿದಿದ್ದ. ಆದರೆ ಇನ್ನು ನೆಟ್ಟಗೆ ನಡೆಯುವವನಲ್ಲ.

ಮಾರನೆಯ ದಿನ ಊರವರೆಲ್ಲ ಬೇಟೆಗೆ ಹೊರಡುವವರಿದ್ದರು. ಹತ್ತು ಜನ ತಮಟೆ ಬಡಿಯುತ್ತ ಪೊದೆಗಳಿಂದ ಹಂದಿಯನ್ನು ಎಬ್ಬಿಸಬೇಕು, ಕಣಿವೆಯ ಬಾಯಲ್ಲಿ ಬಿಲ್ಲು ಹಿಡಿದು ನಿಂತವನು ಹೊಡೆಯಬೇಕು. ಆ ಜಾಗವನ್ನು ಸೂರಯ್ಯ ಜಗಳವಾಡಿ ತನ್ನದು ಮಾಡಿಕೊಂಡಿದ್ದ.

"ಅಯ್ಯಾ, ಬಿಲ್ಲು ಬೇಕು" ಎಂದ. ಕಾಲಿಗೆ ಬೀಳುವುದನ್ನೂ ಮರೆತಿದ್ದ.

"ಅಲ್ಲಿ ತೂಗಾಕಿದೀನಿ. ಆರಿಸ್ಕೋ."

ತೊಲೆಯಲ್ಲಿ ಏಳು ಬಿಲ್ಲುಗಳು ತೂಗುತ್ತಿದ್ದವು. ಎಲ್ಲವೂ ಕಾಟಯ್ಯನ ಕೈಕೆಲಸ. ಮೂರು ವರ್ಷ ಒಲೆಯ ಹೊಗೆಗೆ ಒಣಗಿದ ಬಿದಿರು. ಮೊದಲನೆಯದು ತೆಳುವು, ಏಳನೆಯದು ಹಿಡಿ ತುಂಬುವಷ್ಟು ದಪ್ಪ.

ಅಲ್ಲಿನ ಕಟ್ಟಳೆಯೇ ಬೇರೆ. ಶಿಷ್ಯ ತಾನೇ ಆರಿಸಬೇಕು, ಒಯ್ದ ಮೇಲೆ ಬದಲಾಯಿಸುವಂತಿಲ್ಲ. ಯಾವುದು ಒಳ್ಳೆಯದು ಎಂದು ಗುರು ಬಾಯಿ ಬಿಡುತ್ತಿರಲಿಲ್ಲ.

ಸೂರಯ್ಯ ಉಳಿದವುಗಳತ್ತ ಕಣ್ಣೆತ್ತಿಯೂ ನೋಡದೆ ಏಳನೆಯದಕ್ಕೆ ಕೈ ಹಾಕಿದ. ಮಂಡಿಗೆ ಒತ್ತಿ ಬಗ್ಗಿಸಿ ಹೆದೆ ಏರಿಸಿದ. ಬರಿಗೈಯಲ್ಲೇ ಕಿವಿವರೆಗೆ ಎಳೆದು ಬಿಟ್ಟ. ಬಿಲ್ಲು ಗುಡಿಸಲೆಲ್ಲ ಕೇಳುವಂತೆ ಝೇಂಕರಿಸಿತು.

ಮರುಕ್ಷಣವೇ ಕಪಾಳಕ್ಕೆ ಬಿತ್ತು.

"ಅಂಬಿಲ್ಲದೆ ಹೆದೆ ಬಿಡ್ತೀಯೇನಲೇ? ಬಿಲ್ಲು ಸೀಳೋದಿಲ್ವ? ಇಷ್ಟು ವರ್ಷ ಇಲ್ಲಿ ಕತ್ತೆ ಕಾಯ್ದೆಯೇನೋ?"

"ಹೊಡೀರಿ ಅಯ್ಯಾ. ಬಿಲ್ಲು ಮಾತ್ರ ಇದೇ."

"ಗುರಿ ಕಲಿಯೋಕೋ, ಬೇಟೆಗೋ?"

"ಆ ಹಂದಿಗೆ. ಈ ಕಡೆ ಹೊಕ್ಕ ಅಂಬು ಆ ಕಡೆ ಬರಬೇಕು. ಅದು ಒದ್ದಾಡೋದನ್ನ ನಾನು ನಿಂತು ನೋಡಬೇಕು."

ಕಾಟಯ್ಯ ಹೊರಗೆ ಬಾ ಎಂದು ಕತ್ತು ಆಡಿಸಿದ.

ದಂಡೆಯ ಮರಳಿನಲ್ಲಿ, ಶಿಷ್ಯರು ಕಲಿಯಲೆಂದು ಕಟ್ಟಿದ ಹುಲ್ಲಿನ ಹಂದಿಯಿತ್ತು. ಸೂರಯ್ಯ ಮೂವತ್ತು ಮಾರು ದೂರದಲ್ಲಿ ನಿಂತು ಅಂಬು ಹೂಡಿದ.

"ಎಳಿ. ನಾನು ಹೇಳೋವರೆಗೆ ಬಿಡಬೇಡ."

ಎಳೆದ. ತೋಳಿನ ನರ ಉಬ್ಬಿದವು. ಕಣ್ಣ ಮುಂದಿದ್ದದ್ದು ಹುಲ್ಲಲ್ಲ, ಅಣ್ಣನ ತೊಡೆ ಸೀಳಿದ ಕೋರೆ. ಹೊಡೆಯಬೇಕು, ಈಗಲೇ ಹೊಡೆಯಬೇಕು ಅನಿಸಿತು.

ಮುದುಕ ನೀರಿಗಿಳಿದು ಮುಖ ತೊಳೆದ. ಬಾಯಿ ಮುಕ್ಕಳಿಸಿದ. ಮಗಳ ಮದುವೆ ಮುಗಿಸಿದವನ ಹಾಗೆ ನಿಧಾನವಾಗಿ ಮೇಲೆ ಬಂದ. ಸೂರಯ್ಯನ ಮೊಣಕೈ ನಡುಗತೊಡಗಿತು.

ಬಂದವನು ನೇರ ಹೋಗಿ ಹುಲ್ಲಿನ ಹಂದಿಯ ಮುಂದೆ ನಿಂತ.

"ಅಯ್ಯಾ, ಅತ್ಲಾಗೆ ಸರೀರಿ!"

"ಸರಿಯೋದಿಲ್ಲ. ಅಂಬು ಬಿಡದೆ ಹೆದೇನ ಮೆಲ್ಲಗೆ ಸಡಿಲಿಸಿ ಮೊದಲಿದ್ದಲ್ಲಿಗೆ ತಾ."

"ಆಗ್ತಿಲ್ಲ!"

"ತಾ ಅಂದೆ."

ಸೂರಯ್ಯ ಹಲ್ಲು ಕಚ್ಚಿದ. ಎಳೆಯುವಾಗ ಸಿಟ್ಟು ಕೈ ಜೋಡಿಸಿತ್ತು. ಸಡಿಲಿಸುವಾಗ ಅದೇ ಸಿಟ್ಟು ಕೈಕೊಟ್ಟಿತು. ಬೆರಳು ಜಾರಿತು. ಕೊನೆಗಳಿಗೆಯಲ್ಲಿ ಬಿಲ್ಲನ್ನು ಹೇಗೋ ಪಕ್ಕಕ್ಕೆ ತಿರುಗಿಸಿದ.

ಅಂಬು ಮುದುಕನ ಹೆಗಲ ಮೇಲಿನ ಕಂಬಳಿಯನ್ನು ಹರಿದುಕೊಂಡು ಹೋಗಿ ಹೊಳೆಗೆ ಬಿತ್ತು.

ಸೂರಯ್ಯ ಓಡಿಹೋಗಿ ಹೆಗಲು ಮುಟ್ಟಿ ನೋಡಿದ. ರಕ್ತವಿರಲಿಲ್ಲ. ಹೆದರಿಕೆ ಇಳಿಯುವ ಮೊದಲೇ ಸಿಟ್ಟು ನೆತ್ತಿಗೇರಿತು.

"ತಲೆ ಕೆಟ್ಟೈತಾ ನಿಮಗೆ? ಸಾಯ್ತಿದ್ರಿ!"

"ಸಾಯ್ತಿದ್ದೆ. ಕೊಂದೋರು ಯಾರಾಗ್ತಿದ್ರು?"

"ನಾನೇನು ಬೇಕಂತ ಬಿಟ್ನಾ? ಕೈ ಮೀರಿ ಹೋಯ್ತು. ಅಡ್ಡ ಬಂದೋರು ನೀವು!"

"ನಿಮ್ಮಣ್ಣನ ತೊಡೆ ಸೀಳಿದ ಹಂದೀನೂ ಇದನ್ನೇ ಹೇಳೀತು" ಎಂದು ಕಾಟಯ್ಯ ಗುಡುಗಿದ. "ನಾಳೆ ತಮಟೆ ಬಡಿಯೋರು ಯಾರ್‍ಯಾರಲೇ?"

ಸೂರಯ್ಯ ಹೆಸರು ಹೇಳತೊಡಗಿದ. ಹೆಂಡತಿಯ ತಮ್ಮ. ಪಕ್ಕದ ಮನೆಯ ಬೋಸಯ್ಯ.

"ಇನ್ಯಾರು?"

"ಅಣ್ಣನ ಮಗ."

ಹಂದಿಯ ಬೆನ್ನ ಹಿಂದೆಯೇ ಪೊದೆ ಸೀಳಿಕೊಂಡು ಬರುವವರು ಅವರೇ. ಸೂರಯ್ಯ ಮರಳಿನ ಮೇಲೆ ಕೂತ. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೂ ಸಿಟ್ಟು ಬಂತು.

"ಹಂಗಾದ್ರೆ ಯಾವುದು ತಗೊಳ್ಳಲಿ? ಅದನ್ನಾದ್ರೂ ಹೇಳಿ!"

"ಹೇಳಲ್ಲ."

ಸೂರಯ್ಯ ದಡಬಡನೆ ಎದ್ದು ಗುಡಿಸಲಿಗೆ ಹೋದ. ಏಳನೆಯದನ್ನು ಇದ್ದಲ್ಲಿಗೇ ತೂಗು ಹಾಕಿದ. ಆರನೆಯದನ್ನು ತಂದು ಎಳೆದ, ಸಡಿಲಿಸುವಾಗ ಕೈ ನಡುಗಿತು. ಬೈದುಕೊಳ್ಳುತ್ತ ಅದನ್ನೂ ಇಟ್ಟು ಐದನೆಯದನ್ನು ತಂದ. ಅದೂ ನಡುಗಿತು. ನಾಲ್ಕನೆಯದನ್ನು ಎಳೆದು ಹಿಡಿದ, ಮೆಲ್ಲಗೆ ಸಡಿಲಿಸಿದ. ಮತ್ತೆ ಎಳೆದು ಮತ್ತೆ ಸಡಿಲಿಸಿದ. ಅಂಬು ಹೆದೆಯ ಮೇಲೆ ಅಲುಗದೆ ಇತ್ತು.

ಅದನ್ನು ಹಿಡಿದು ಹುಲ್ಲಿನ ಹಂದಿಯ ಎದುರು ನಿಂತ. ಕಿವಿವರೆಗೆ ಎಳೆದಿದ್ದಾಗ ಮುದುಕ ಹೇಳದೆ ಕೇಳದೆ ಮತ್ತೆ ಅಡ್ಡ ಬಂದ. ಸೂರಯ್ಯ ಅಂಬು ಬಿಡದೆ ಹೆದೆಯನ್ನು ಮೆಲ್ಲಗೆ ಪೂರ್ತಿ ಸಡಿಲಿಸಿದ. ಮುದುಕ ದಾಟಿಹೋದ ಮೇಲೆ ಮತ್ತೆ ಎಳೆದು ಹೊಡೆದ. ಅಂಬು ಹುಲ್ಲಿನ ಹಂದಿಯ ಪಕ್ಕೆಗೆ ನಾಟಿತು.

"ಆ ಕಡೆ ಬರಲಿಲ್ಲ" ಎಂದ ಸೂರಯ್ಯ. ದನಿಯಲ್ಲಿ ಇನ್ನೂ ಕಹಿ ಇತ್ತು. "ಇದರಲ್ಲಿ ಆ ಹಂದಿ ಸಾಯ್ತದಾ?"

"ಹತ್ತಿರ ಹೋದ್ರೆ ಸಾಯ್ತದೆ."

"ಎಷ್ಟು ಹತ್ತಿರ?"

"ಅದರ ಕಣ್ಣು ಕಾಣೋವಷ್ಟು."

ಸೂರಯ್ಯ ಹೆದೆ ಇಳಿಸಿ ಬಿಲ್ಲನ್ನು ಬಟ್ಟೆಯಲ್ಲಿ ಸುತ್ತಿದ. ಈಗ ಗುರುವಿನ ಕಾಲು ಮುಟ್ಟಿದ. ಎದ್ದು ಹೊರಟವನು ನಾಲ್ಕು ಹೆಜ್ಜೆಗೆ ನಿಂತು ತಿರುಗಿದ. ಗುರುವಿನಿಂದ ಮುಚ್ಚಿಟ್ಟು ಹೋಗಲು ಮನಸ್ಸು ಬರಲಿಲ್ಲ.

"ಅಯ್ಯಾ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

ಕಾಟಯ್ಯ ಹರಿದ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ಇಳಿಸು ಅಂತ ನಿಂಗೆ ಯಾರಲೇ ಹೇಳಿದ್ದು? ಹೆದೆ ತಡೆಯೋಕೆ ಬಂತಲ್ಲ, ಇನ್ನು ಎಷ್ಟು ಬೇಕೋ ಅಷ್ಟು ಸಿಟ್ಟಾಗು."