ಸೌಟು ಕೆಳಗಿಡು

ಹೊಳೆಸಾಲಿನ ಏಳು ಹಳ್ಳಿಗಳ ಪಾಳೇಗಾರ ಸೋಮವಾರ ಬೆಳಿಗ್ಗೆ ನಾಲ್ಕು ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟ.

ಕತ್ತಿ ಹಿಡಿದು ಯಾರೂ ಅವನನ್ನು ಓಡಿಸಲಿಲ್ಲ. ಇಪ್ಪತ್ತು ದಿನ ಅವನ ವಾಡೆಗೆ ನೀರು ಹೊರಲು ಯಾರೂ ಬರಲಿಲ್ಲ, ಒಲೆ ಹಚ್ಚಲು ಯಾರೂ ಬರಲಿಲ್ಲ, ಕುದುರೆಗೆ ಹುಲ್ಲು ಹಾಕಲೂ ಬರಲಿಲ್ಲ. ಅಷ್ಟೇ. ಪಾಪ, ದೊರೆಗೆ ಒಲೆ ಹಚ್ಚುವುದೇ ಗೊತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಹಾಲಪ್ಪ, ಮರುಳಜ್ಜಯ್ಯನವರ ಆಶ್ರಮದಲ್ಲಿ ಕಲಿತವನು. ಕಡಲಾಚೆಯಿಂದ ಬಂದ ಹೊಸ ಪುಸ್ತಕಗಳನ್ನು ಓದಿ, ಮೂರು ವರ್ಷ ಹಳ್ಳಿ ಹಳ್ಳಿಯ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳಿದ್ದ. ದೊರೆತನ ದೇವರು ಕೊಟ್ಟದ್ದಲ್ಲ, ಜನ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾರು ಏನೇ ಹೇಳಲಿ, ಏಕೆ ಅಂತ ಕೇಳಿ. ದೂರದ ದೇಶಗಳಲ್ಲಿ ಹೀಗೆ ಕೇಳಿ ಕೇಳಿಯೇ ರಾಜರನ್ನು ಇಳಿಸಿದ್ದಾರೆ, ರಾಜನಿಲ್ಲದ ರಾಜ್ಯ ಕಟ್ಟಿದ್ದಾರೆ.

ಜನ ಕೇಳಿದರು. ದೊರೆ ಹೋದ.

ಏಳೂ ಹಳ್ಳಿಯವರು ಹಿಗ್ಗಿ ಹೀರೇಕಾಯಿಯಾದರು. ಹಾಲಪ್ಪನ ಎದೆಯ ಮೇಲೆ ಮಾತ್ರ ಬಂಡೆ ಕೂತಿತ್ತು. ಹೊಸ ರಾಜ್ಯದ ಕಟ್ಟಳೆ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಗುರುವಾರ ಸಂಜೆ ಅದನ್ನು ಚಾವಡಿಯಲ್ಲಿ ಓದಬೇಕು, ಜನ ಕೈ ಎತ್ತಬೇಕು. ಎತ್ತಿದರೆ ಅದೇ ಕಾನೂನು.

ಗುರುವಾರ ಹೊತ್ತೇರಿದ ಮೇಲೆ ಅವನು ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಆಶ್ರಮಕ್ಕೆ ಹೊರಟ. ಹರಿಗೋಲಿನಲ್ಲಿ ಹೊಳೆ ದಾಟಿಸಿದವಳು ಅಂಬಿಗರ ಮುದುಕಿ ಕೊಟ್ರವ್ವ. ಎಂದೂ ಬಾಯಿಗೆ ಬಿಡುವು ಕೊಡದವಳು ಅಂದು ದಡ ಮುಟ್ಟುವ ತನಕ ತುಟಿ ಪಿಟಕ್ಕೆನ್ನಲಿಲ್ಲ. ಹಾಲಪ್ಪನೂ ಅವಳ ಮುಖ ನೋಡಲಿಲ್ಲ.

ಮರುಳಜ್ಜಯ್ಯ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಓದಪ್ಪ, ಕೇಳೋಣ," ಅಂದರು.

ಹಾಲಪ್ಪ ಓದಿದ. "ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ."

"ಭೇಷ್."

"ಕಾನೂನು ಮಾಡುವವನೇ ತೀರ್ಪು ಕೊಡತಕ್ಕದ್ದಲ್ಲ. ತೀರ್ಪು ಕೊಡುವವನೇ ದಂಡಿಸತಕ್ಕದ್ದಲ್ಲ."

"ಭೇಷ್, ಭೇಷ್. ಆಮೇಲೆ?"

ಹಾಲಪ್ಪನ ದನಿ ಇಳಿಯಿತು. "ಜನರಿಗೆ ತಿಳಿವಳಿಕೆ ಬರುವ ತನಕ, ಅಂದರೆ ಹನ್ನೆರಡು ವರ್ಷ, ರಾಜ್ಯದ ಮುದ್ರೆ ಈ ಕಟ್ಟಳೆ ಬರೆದವನ ಕೈಯಲ್ಲೇ ಇರತಕ್ಕದ್ದು. ಅಲ್ಲಿಯವರೆಗೆ ಅವನನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ."

"ಬರೆದವನು ಯಾರೋ?"

"ನಾನೇ, ಅಜ್ಜಯ್ಯ."

"ಓಹೋ."

"ಆಸೆಗೆ ಬರೆದಿಲ್ಲ ಅಜ್ಜಯ್ಯ, ನಿಮ್ಮಾಣೆ! ನೀನೇ ನಮ್ಮ ದೊರೆ ಅಂತ ಅವರೇ ಕಾಲಿಗೆ ಬೀಳ್ತಿದ್ದಾರೆ. ಅಕ್ಷರ ಬರದ ಜನ. ನಾಳೆ ಯಾವನೋ ಬಣ್ಣದ ಮಾತಾಡಿದರೆ ಅವನ ಹಿಂದೆ ಹೋಗಿಬಿಡ್ತಾರೆ. ಕಟ್ಟಿದ್ದೆಲ್ಲ ಮಣ್ಣುಪಾಲಾಗುತ್ತೆ."

"ಎಲ್ಲರೂ ಒಪ್ಪಿದ್ದಾರಾ?"

ಹಾಲಪ್ಪ ಹೊಳೆಯ ಕಡೆ ತಿರುಗಿದ. "ನಿನ್ನೆ ಸಭೆಯಲ್ಲಿ ಕೊಟ್ರವ್ವ ಎದ್ದು ನಿಂತಳು. 'ಏರ್ತೀಯ, ಸರಿ ತಮ್ಮಾ, ನಿನ್ನನ್ನ ಇಳಿಸೋರು ಯಾರು?' ಅಂತ ಕೇಳಿದಳು."

"ನೀನೇನಂದೆ?"

"'ನಿನಗೇನು ತಿಳೀತದೆ, ಬಾಯಿ ಮುಚ್ಚು' ಅಂದೆ. ನನ್ನ ಕಡೆಯವರಿಬ್ಬರು ರಟ್ಟೆ ಹಿಡಿದು ಅವಳನ್ನು ಆಚೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು." ಅವನು ಸುರುಳಿ ಸುತ್ತಿಟ್ಟ. "ಪಾಳೇಗಾರನೂ ಹಾಗೇ ಅಂತಿದ್ದ ಅಜ್ಜಯ್ಯ. ಅದೇ ಮಾತು, ಅದೇ ದನಿ. ಆಗಿನಿಂದ ನನಗೆ ನನ್ನದೇ ಭಯ."

ಈಗ ಬೈಯುತ್ತಾರೆ ಅಂದುಕೊಂಡ. ಅಜ್ಜಯ್ಯ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು.

"ಊಟದ ಹೊತ್ತಾಯ್ತು. ಇವತ್ತು ನೀನು ಬಡಿಸು."

ಆ ಆಶ್ರಮದಲ್ಲಿ ಬಡಿಸುವುದಕ್ಕೊಂದು ಪದ್ಧತಿಯಿತ್ತು. ಸೌಟು ದಿನಕ್ಕೊಬ್ಬರ ಕೈಗೆ. ಬಡಿಸುವುದು ಸರಿಯಿಲ್ಲ ಅನ್ನಿಸಿದರೆ ಪಂಕ್ತಿಯಲ್ಲಿ ಕೂತ ಯಾರು ಬೇಕಾದರೂ 'ಸೌಟು ಕೆಳಗಿಡು' ಅನ್ನಬಹುದು. ಹಾಗೆ ಅಂದಮೇಲೆ ಮುಗಿಯಿತು, ಗುರುವೇ ಆದರೂ ಸೌಟು ಇಟ್ಟು ಪಂಕ್ತಿಯಲ್ಲಿ ಕೂರಬೇಕು. ಅಂದವರು ಎದ್ದು ಬಡಿಸಬೇಕು.

ಅಂದು ಪಂಕ್ತಿಯಲ್ಲಿ ಇಪ್ಪತ್ತು ಜನ. ನಡುವೆ ಕೊಟ್ರವ್ವನೂ ಇದ್ದಳು, ಹೊಳೆ ದಾಟಿ ಬಂದವರೆಲ್ಲ ಅಲ್ಲಿ ಉಂಡೇ ಹೋಗುವುದು ರೂಢಿ. ಕಟ್ಟಕಡೆಯ ಎಲೆ ಅಜ್ಜಯ್ಯನದು.

ಹಾಲಪ್ಪ ಜೋಳದ ನುಚ್ಚು ಬಡಿಸುತ್ತ ಬಂದ. ಒಬ್ಬರಿಗೆ ಒಂದು ಸೌಟು. ಕೊಟ್ರವ್ವನ ಎಲೆಯ ಮುಂದೆ ಬಂದು ನಿಂತ. ನಿನ್ನೆಯ ಮಾತಿಗೆ ಇದೇ ಪರಿಹಾರ ಅನ್ನಿಸಿತೋ ಏನೋ, ಒಂದು ಸೌಟು ಹಾಕಿದ, ಎರಡು ಹಾಕಿದ, ಮೂರನೆಯದನ್ನೂ ಹಾಕಿದ.

ಕೊಟ್ರವ್ವ ತಲೆ ಎತ್ತಿದಳು.

"ಸೌಟು ಕೆಳಗಿಡು, ಹಾಲಪ್ಪ."

ಉಣ್ಣುತ್ತಿದ್ದ ಕೈಗಳೆಲ್ಲ ಎಲೆಯ ಮೇಲೆಯೇ ನಿಂತವು.

ಇಟ್ಟನೇ? ಎಲ್ಲಿ ಇಟ್ಟ! ಮುಖ ಕೆಂಪಗೆ ಮಾಡಿಕೊಂಡು ನಿಂತ. "ಅಲ್ಲವ್ವಾ, ನಿನಗೆ ಜಾಸ್ತೀನೇ ಹಾಕಿದೆನಲ್ಲ!"

"ಅದಕ್ಕೇ ಹೇಳಿದ್ದು. ಗಡಿಗೆಯೊಳಗೆ ಬಗ್ಗಿ ನೋಡು."

ಹಾಲಪ್ಪ ನೋಡಿದ. ತಳದಲ್ಲಿ ಉಳಿದದ್ದು ನಾಲ್ಕೈದು ಜನಕ್ಕೆ ಆದೀತು. ಇನ್ನೂ ಏಳು ಎಲೆ ಖಾಲಿ ಇದ್ದವು.

ಆದರೂ ಬೆರಳು ಸಡಿಲಾಗಲಿಲ್ಲ. ಇವಳ್ಯಾರು ನನಗೆ ಹೇಳೋಕೆ ಅಂತ ಒಳಗೊಂದು ದನಿ ಹೇಳುತ್ತಿತ್ತು. ಪಂಕ್ತಿಯಲ್ಲಿ ಯಾರೂ ಕೂಗಾಡಲಿಲ್ಲ, ಯಾರೂ ಏಳಲಿಲ್ಲ. ಇಪ್ಪತ್ತು ಜನ ಸುಮ್ಮನೆ ಅವನನ್ನೇ ನೋಡುತ್ತ ಕೂತರು. ನುಚ್ಚು ಆರುತ್ತಿತ್ತು.

ಹಾಲಪ್ಪ ಸೌಟು ಕೆಳಗಿಟ್ಟ.

ಇಟ್ಟ ಕೂಡಲೇ ಎದೆಯ ಮೇಲಿನ ಬಂಡೆ ಜಾರಿ ಬಿತ್ತು. ನಾನು ತಪ್ಪಿದರೆ ಹೇಳುವವರು ಯಾರು ಅಂತ ತಾನೇ ಇಷ್ಟು ಹೆದರಿದ್ದು? ಹೇಳುವವರು ಇದ್ದಾರೆ! ಹನ್ನೆರಡು ವರ್ಷ ಒಬ್ಬನೇ ಹೊರಬೇಕಾಗಿಲ್ಲ, ಹನ್ನೆರಡು ದಿನವೂ ಬೇಕಾಗಿಲ್ಲ. ಅವನಿಗೆ ಅಳುವೂ ಬಂತು, ನಗುವೂ ಬಂತು.

ಕೊಟ್ರವ್ವ ಎದ್ದಳು. ಇನ್ನೂ ಕೈ ಹಚ್ಚದ ತನ್ನ ಎಲೆಯಿಂದ ಎರಡು ಸೌಟು ಗಡಿಗೆಗೆ ತೆಗೆದಳು, ಮೇಲೊಂದು ಚೊಂಬು ಮಜ್ಜಿಗೆ ಸುರಿದು ಕಲಸಿದಳು, ಸರಸರನೆ ಬಡಿಸಿದಳು. ಏಳು ಎಲೆಗೂ ಬಂತು, ಹಾಲಪ್ಪನಿಗೆ ಹಾಕಿದ ಎಂಟನೆಯದಕ್ಕೂ ಬಂತು.

"ಅವ್ವಾ, ನಿನ್ನೆ ನನ್ನಿಂದ ತಪ್ಪಾಯ್ತು," ಅಂದ.

"ಆಯ್ತಲ್ಲ, ಉಣ್ಣು. ಮಾತಾಡ್ತಾ ಕೂತರೆ ಆರಿಹೋಗ್ತದೆ."

ಇಷ್ಟು ರುಚಿಯಾಗಿ ಅವನು ಉಂಡು ಎಷ್ಟು ದಿನವಾಗಿತ್ತೋ! ಎಲೆಯನ್ನು ಬಳಿದು ಬಳಿದು ತಿಂದ.

ಊಟವಾದ ಮೇಲೆ ಸುರುಳಿ ಬಿಚ್ಚಿ, ಆ ಹನ್ನೆರಡು ವರ್ಷದ ಕಟ್ಟಳೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಅದರ ಜಾಗದಲ್ಲಿ ಬರೆದ: ಮುದ್ರೆ ವರ್ಷಕ್ಕೊಬ್ಬರ ಕೈಗೆ. ನಡುವೆಯೇ ಜನ ಕೈ ಎತ್ತಿ 'ಕೆಳಗಿಡು' ಅಂದರೆ ಇಡತಕ್ಕದ್ದು. ಪ್ರಶ್ನೆ ಕೇಳಲು ಎಲ್ಲರಿಗೂ ಹಕ್ಕುಂಟು.

ಬರೆದ, ಓದಿದ, ಮತ್ತೆ ಅನುಮಾನ ಬಂತು. ಬುದ್ಧಿವಂತರ ಪಾಡೇ ಅಷ್ಟು.

"ಅಜ್ಜಯ್ಯ, ಅಕ್ಷರ ಬರದವರು ಇದನ್ನೆಲ್ಲ ನಡೆಸ್ತಾರಾ?"

"ನೀನು ಇಲ್ಲಿಗೆ ಬಂದ ಮೊದಲನೇ ದಿನ ನೆನಪಿದೆಯಾ? ಪಾಳೇಗಾರನ ದಿವಾನ ಊಟಕ್ಕೆ ಬಂದಿದ್ದ. ನಾನು ಅವನಿಗೆ ಎರಡು ಸೌಟು ಪಾಯಸ ಹೆಚ್ಚಿಗೆ ಹಾಕಿದೆ. ಕೊನೆಯಲ್ಲಿ ಕೂತಿದ್ದ ನೀನು ಏನಂದೆ?"

ಹಾಲಪ್ಪನ ಕಿವಿ ಕೆಂಪಾಯಿತು. "ಸೌಟು ಕೆಳಗಿಡಿ ಅಂದಿದ್ದೆ."

"ಆಗ ನಿನಗೆ ಯಾವ ಪುಸ್ತಕ ಓದೋಕೆ ಬರ್ತಿತ್ತು?"

"ನನ್ನ ಹೆಸರು ಬರೆಯೋಕೂ ಬರ್ತಿರಲಿಲ್ಲ, ಅಜ್ಜಯ್ಯ."

ಇಬ್ಬರೂ ನಕ್ಕರು. ದಡದಿಂದ ಕೊಟ್ರವ್ವ ಕೂಗಿದಳು, "ಬರ್ತೀಯೋ ಇಲ್ಲೇ ಸನ್ಯಾಸಿ ಆಗ್ತೀಯೋ? ಚಾವಡಿಯಲ್ಲಿ ಜನ ಕಾಯ್ತಿದ್ದಾರೆ ಮಾರಾಯ!" ಹಾಲಪ್ಪ ಸುರುಳಿ ಕಟ್ಟಿ, ಗುರುಗಳ ಕಾಲು ಮುಟ್ಟಿ, ನಾಲ್ಕು ಹೆಜ್ಜೆ ಹೋದ. ಹೋದವನು ಮತ್ತೆ ಬಂದ.

"ಇದೊಂದೇ ಕೊನೇ ಪ್ರಶ್ನೆ. ನನ್ನ ನಂತರ ಬರುವವನು ಜನ ಕೆಳಗಿಡು ಅಂದರೂ ಇಡದೆ ನಿಂತರೆ?"

ಮರುಳಜ್ಜಯ್ಯ ಮತ್ತೆ ಅವರೆಕಾಯಿಯ ಮುಂದೆ ಕೂತಿದ್ದರು.

"ಇವತ್ತು ನೀನೂ ಇಡದೆ ನಿಂತಿದ್ದೆಯಲ್ಲಪ್ಪ. ಆಗ ಪಂಕ್ತಿಯಲ್ಲಿ ಒಬ್ಬರಾದರೂ ತುತ್ತು ಎತ್ತಿದರಾ?"